ಮೇಸ್ತ್ರಿಗೆ ಕಾಣುವ ಪದ್ಯ

ಆ ಬಸ್ಸು ರಿಪೇರಿ ಶೆಡ್ಡಿನಲ್ಲಿ ಯಾರು ಕೆಲಸ ಬಿಟ್ಟು ಹೋದರೂ ಅವರ ಮೇಲೊಂದು ಪದ್ಯ ಬೀಳುತ್ತಿತ್ತು. ಬೀಳುತ್ತಿತ್ತು ಎಂದೇ ಹೇಳಬೇಕು, ತಪ್ಪಿಸಿಕೊಂಡವರು ಯಾರೂ ಇಲ್ಲ. ಬರೆಯುತ್ತಿದ್ದವನು ಜಜ್ಜಿಹೋದ ತಗಡನ್ನು ಬಡಿದು ನೇರ ಮಾಡುವ ಟಿಂಕರ್. ಶೆಡ್ಡಿನವರು ಅವನಿಗೆ ಪ್ರಾಸಣ್ಣ ಎಂದು ಹೆಸರಿಟ್ಟಿದ್ದರು. ಸಾಲಿಗೆ ಸಾಲು ತಾಳೆಯಾಗುವವರೆಗೆ ಅವನು ಪೆನ್ನು ಕೆಳಗಿಡುವವನಲ್ಲ. ದಾರಿ ಬಂದರೆ ಹಿಂದೆಯೇ ಸವಾರಿ ಬರಬೇಕು, ನಗು ಬಂದರೆ ಮಗು ಬರಬೇಕು. ಶೆಡ್ಡಿನ ಗುಮಾಸ್ತನಿಗೆ ಮಕ್ಕಳೇ ಇರಲಿಲ್ಲ. ಆದರೂ ಅವನ ಪದ್ಯದಲ್ಲಿ ಮಗು ಬಂತು, ಏಕೆಂದರೆ ಅದರ ಹಿಂದಿನ ಸಾಲಿನಲ್ಲಿ ನಗು ಬಂದಿತ್ತು. ಗುಮಾಸ್ತ ಪಾಪ ಚೌಕಟ್ಟು ಹಾಕಿಸಿದ ಪದ್ಯವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದ. ಪ್ರಾಸಣ್ಣನಿಗೆ ಅದೊಂದು ತಪ್ಪು ಎಂದು ಹೊಳೆಯಲೇ ಇಲ್ಲ. ಚಪ್ಪಾಳೆ ಬಿದ್ದಿತ್ತಲ್ಲ.

ಚಪ್ಪಾಳೆ ತಟ್ಟದ ಒಂದೇ ಜೋಡಿ ಕೈ ಆ ಶೆಡ್ಡಿನಲ್ಲಿತ್ತು. ಅದು ಮೇಸ್ತ್ರಿಯವರದು. ಪ್ರಾಸಣ್ಣನಿಗೆ ಕೆಲಸ ಕಲಿಸಿದವರು ಅವರೇ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದ ಹಾಗಿದ್ದದ್ದಲ್ಲ, ಈ ಶೆಡ್ಡಿನಲ್ಲೇ ವರ್ಷದಿಂದ ವರ್ಷಕ್ಕೆ ಸವೆದು ಹೋದದ್ದು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, "ಇದರಲ್ಲಿ ಗಲಾಟೆ ಜಾಸ್ತಿ ಆಗತ್ತೆ, ಮಾತು ಜಾಸ್ತಿ ಆಗಲ್ಲ" ಎಂದು ಡ್ರಾಯರಿಗೆ ಎಸೆದರು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ತಾವೇ ಕಲಿತರು. ಓದು ಬರಹ ಸಹಿ ಹಾಕುವಷ್ಟೇ ಬರುತ್ತಿತ್ತು. ಆದ್ದರಿಂದ ಏನೇ ಹೇಳುವುದಿದ್ದರೂ ಅವರ ಮುಖದ ಮುಂದೆ ನಿಂತು ಹೇಳಬೇಕು.

ವೆಲ್ಡರ್ ಕೆಲಸ ಬಿಟ್ಟ ದಿನ ಪ್ರಾಸಣ್ಣ ಎಂದಿನಂತೆ ಮೈಕು ಹಿಡಿದು ಹಾಡಿದಂತೆ ಓದಿದ. ಎಲ್ಲರೂ ಸಿಳ್ಳೆ ಹಾಕಿದರು. ಮೇಸ್ತ್ರಿ ಪಕ್ಕದಲ್ಲಿದ್ದ ಪೇಂಟರನ ಭುಜ ತಟ್ಟಿ, ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ ಕೇಳಿದರು.

"ಏನಂತೆ?"

"ನಿಮ್ಮ ಶಿಷ್ಯ ಹೊಗಳ್ತಿದ್ದಾನೆ, ಮೇಸ್ತ್ರಿ."

"ಯಾರನ್ನ?"

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಪ್ರಾಸಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಸಮಾರಂಭ ಮುಗಿದ ಮೇಲೆ ನೇರವಾಗಿ ಮೇಸ್ತ್ರಿಯ ಮುಂದೆ ಹೋಗಿ ನಿಂತ.

"ನನ್ನ ಪದ್ಯ ನಿಮಗೆ ಸ್ವಲ್ಪಾನೂ ತಿಳಿಯಲ್ವಾ?"

"ನೀನು ಪದ್ಯ ಓದೋವಾಗ ನಿನ್ನ ಬಾಯಿ ಮೇವು ಮೆಲ್ಲೋ ಹಸು ಥರ ಆಡತ್ತೆ," ಎಂದರು ಮೇಸ್ತ್ರಿ. "ಪ್ರತಿ ಸಾಲಿನ ಕೊನೇಲೂ ಒಂದೇ ಆಕಾರ. ಹೇಳಿದ್ದೇ ಹೇಳ್ತಿದ್ದೀಯೇನೋ ಅಂತ ನಾನು ಗೋಡೆ ನೋಡ್ಕೊಂಡು ಕೂತ್ಕೊಳ್ತೀನಿ."

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮೇಸ್ತ್ರಿಯೂ ಕೆಲಸ ಬಿಡುತ್ತಿದ್ದಾರೆ. ದೂರದ ಊರಿನಲ್ಲಿ ಮಗಳ ಮನೆ ಇದೆ, ಅಲ್ಲಿಗೆ ಹೋಗುತ್ತಾರೆ. ಸುದ್ದಿ ಕೇಳಿ ಪ್ರಾಸಣ್ಣ ಆ ದಿನ ಒಂದು ಬಾಗಿಲನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಡಿದ. ಹೋದಮೇಲೆ ಅವರ ಜೊತೆ ಮಾತು ಎಲ್ಲಿಂದ ಬರಬೇಕು? ಫೋನಿನಲ್ಲಿ ಅವರಿಗೆ ಕೇಳಿಸದು, ಬರೆದು ಕಳಿಸಿದರೆ ಓದಲಾರರು. ಅನ್ನದ ದಾರಿ ತೋರಿಸಿದ ಮನುಷ್ಯನಿಗೆ ಅವನು ಒಂದು ದಿನವೂ ಬಾಯಿಬಿಟ್ಟು ಉಪಕಾರ ಆಯಿತು ಎಂದವನಲ್ಲ. ಶೆಡ್ಡಿನಲ್ಲಿ ಅಂಥ ಮಾತು ಯಾರೂ ಆಡುವುದಿಲ್ಲ. ಆಡಿದರೆ ವಾರಗಟ್ಟಲೆ ಗೇಲಿ. ಪದ್ಯವೊಂದೇ ಅದಕ್ಕೆ ಪರವಾನಗಿ. ಆ ಪದ್ಯವೂ ಅವರನ್ನು ಮುಟ್ಟದಿದ್ದರೆ ಅವನು ಇಷ್ಟು ವರ್ಷ ಬರೆದು ಗುಡ್ಡೆ ಹಾಕಿದ್ದಾದರೂ ಏನು?

ಅವನು ಮೊದಲು ಮಾಡಿದ್ದು ತನ್ನ ಹಳೆಯ ಜಾಡಿನಲ್ಲೇ ಒಂದು ಪದ್ಯ ಹೊಸೆದು ಹೆಂಡತಿಯ ಮುಂದೆ ನಿಂತದ್ದು. ಅವಳು ಬಟ್ಟೆ ಮಡಚುತ್ತಿದ್ದಳು.

"ಸದ್ದಿಲ್ಲದೆ ಬರೀ ತುಟಿ ಆಡಿಸ್ತೀನಿ. ಏನು ತಿಳಿಯತ್ತೆ ನೋಡು."

ಅವಳು ಪೂರ್ತಿ ನೋಡಿದಳು. "ರೀ, ಬೇಜಾರು ಮಾಡ್ಕೋಬೇಡಿ. ಯಾರೋ ಬಿಸಿ ಬಿಸಿ ಆಲೂಗಡ್ಡೆ ಬಾಯಿಗೆ ಹಾಕ್ಕೊಂಡ ಹಾಗಿತ್ತು."

"ಏನೇ, ಗಂಡ ಗಂಭೀರವಾಗಿ ಕೇಳಿದ್ರೆ ಹಿಂಗಾ ಹೇಳೋದು?"

"ಮೀಸೆ ಬೇರೆ. ಮೇಲಿನ ತುಟಿ ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಮೇಸ್ತ್ರಿ ಇಷ್ಟು ವರ್ಷ ನಿಮ್ಮ ಮಾತು ಹೆಂಗೆ ತಿಳ್ಕೊಂಡ್ರೋ ಪುಣ್ಯಾತ್ಮ!"

ಮೀಸೆಯ ಮಾತು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೀಸೆಗೆ ಅವನು ಪದ್ಯಕ್ಕಿಂತ ಹೆಚ್ಚು ಆರೈಕೆ ಮಾಡಿದ್ದ. ಆದರೆ ಸಾಲಿನ ಕೊನೆಗೆಲ್ಲ ಒಂದೇ ಆಕಾರ ಎಂದು ಮೇಸ್ತ್ರಿ ಅಂದದ್ದು ಪ್ರಾಸವನ್ನೇ ಎಂದು ಈಗ ತಲೆಗೆ ಹೋಯಿತು. ತಾಳೆಯಾಗುವ ಮಾತುಗಳೆಲ್ಲ ತುಟಿಯ ಮೇಲೆ ಅವಳಿಜವಳಿ ಮಕ್ಕಳಂತೆ ಕಾಣುತ್ತವೆ. ಕಿವಿ ಇದ್ದವನಿಗೆ ಅದು ಸೊಗಸು, ಕಣ್ಣಿನಿಂದಲೇ ಕೇಳುವವನಿಗೆ ಬರೀ ಗೊಂದಲ. ಪ್ರಾಸ ಬಿಡಬೇಕು ಎಂದು ನಿರ್ಧರಿಸಿದ. ಬಿಡುವುದೆಂದರೆ ಅವನಿಗೆ ಊರುಗೋಲು ಬಿಸಾಕಿ ಇಳಿಜಾರು ಇಳಿದಂತೆ.

ಬಿಟ್ಟದ್ದೇನೋ ಆಯಿತು. ಉಳಿದದ್ದನ್ನು ಊಟದ ಹೊತ್ತಿನಲ್ಲಿ ಪೇಂಟರನಿಗೆ ತೋರಿಸಿದ. ಪೇಂಟರ್ ಕೈ ಒರೆಸಿಕೊಂಡು ಕಾಗದ ಹಿಡಿದು ಗಟ್ಟಿಯಾಗಿ ಓದಿದ. "ಅನುಪಮ ಸೇವೆ ಸಲ್ಲಿಸಿದ / ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ / ನಾವು ಸದಾ / ಚಿರಋಣಿಗಳು. ಪ್ರಾಸಣ್ಣ, ಇದು ಕವಿತೆನಾ, ರಜಾ ಅರ್ಜಿನಾ?"

"ಇದು ಮುಕ್ತಛಂದ ಕಣೋ."

"ಇದನ್ನ ಉದ್ದಕ್ಕೆ ಬರೆದ್ರೆ ಅರ್ಜಿ, ತುಂಡು ಮಾಡಿದ್ರೆ ಮುಕ್ತಛಂದನಾ? ಹಂಗಾದ್ರೆ ನಮ್ಮ ನೋಟಿಸ್ ಬೋರ್ಡಿನಲ್ಲಿರೋದೆಲ್ಲ ಮಹಾಕಾವ್ಯ."

ಪ್ರಾಸಣ್ಣ ಕಾಗದ ಕಿತ್ತುಕೊಂಡು ಅವನ ಅಪ್ಪ ಅಜ್ಜಂದಿರನ್ನೆಲ್ಲ ನೆನೆದ. ಕೋಪ ಇಳಿದ ಮೇಲೆ ಅನಿಸಿತು, ಬಡ್ಡಿಮಗ ಹೇಳಿದ್ದು ಸರಿಯೇ. ಪ್ರಾಸ ಕಿತ್ತರೆ ಸಾಲಿಗೆ ಬೆನ್ನುಮೂಳೆ ಇರಲಿಲ್ಲ. ತಗಡಿನ ಕೆಲಸದಲ್ಲಿ ಕೆಲವರು ಸರಿಯಾಗಿ ಬಡಿಯದೆ ಹಳ್ಳಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಾರೆ. ನಾಲ್ಕು ಮಳೆಗೆ ಪುಟ್ಟಿ ಉದುರುತ್ತದೆ. ಅಂಥ ಕೆಲಸ ಕಂಡರೆ ಮೇಸ್ತ್ರಿ ಉಗಿಯುತ್ತಿದ್ದರು. ಇವನು ಇಷ್ಟು ದಿನ ಪ್ರಾಸದ ಪುಟ್ಟಿ ಮೆತ್ತುತ್ತಿದ್ದ, ಈಗ 'ಅನುಪಮ'ದ ಪುಟ್ಟಿ ಮೆತ್ತಿದ್ದ. ಹಳ್ಳ ಹಳ್ಳವಾಗಿಯೇ ಇತ್ತು.

ಮರುದಿನ ಹಟದಿಂದ ಮೇಸ್ತ್ರಿಯ ಮೇಲೇ ಪ್ರಯೋಗ ಶುರುಮಾಡಿದ. ಪದ್ಯ ಎಂದು ಹೇಳಲಿಲ್ಲ. ಟೀ ಕುಡಿಯುವಾಗ ಎದುರು ಕುಳಿತು ತುಟಿ ಬಿಡಿಸಿ, "ಬದುಕು ಒಂದು ದಾರಿ," ಎಂದ.

ಮೇಸ್ತ್ರಿ ಲೋಟ ಕೆಳಗಿಟ್ಟರು. "ಯಾವ ದಾರಿ? ಅಲ್ಲಿಗೆ ಬಸ್ಸು ಹೋಗತ್ತಾ?"

"ಅಲ್ಲ ಮೇಸ್ತ್ರಿ, ಸುಮ್ನೆ ಅಂದೆ."

"ಸುಮ್ನೆ ಅನ್ನೋದನ್ನ ಮನಸ್ಸಲ್ಲಿ ಅನ್ಕೋ. ನಾನು ಕಣ್ಣು ಖರ್ಚು ಮಾಡಿ ಕೇಳ್ಬೇಕು."

ಅದೊಂದು ಮಾತಿಗೆ ಅವನು ಸುತ್ತಿಗೆ ಹಿಡಿದು ಬಹಳ ಹೊತ್ತು ಯೋಚಿಸಿದ. ನಿಜವೇ. ನಾವು ಬೇರೆಲ್ಲೋ ನೋಡುತ್ತ ಅರ್ಧಂಬರ್ಧ ಕೇಳಿಸಿಕೊಳ್ಳಬಹುದು. ಅವರು ಹಾಗೆ ಮಾಡುವಂತಿಲ್ಲ. ಅವರಿಗೆ ಪ್ರತಿಯೊಂದು ಮಾತೂ ದುಡಿಮೆ. ಅಂಥವರ ಮುಂದೆ ಪೊಳ್ಳು ಸಾಲು ಇಡುವುದು ಹಸಿದವನಿಗೆ ಖಾಲಿ ತಟ್ಟೆ ಇಟ್ಟಂತೆ.

ದಾರಿ ಸಿಕ್ಕಿದ್ದು ಆಮೇಲೆ, ಅದೂ ಹುಡುಕದೆ ಇದ್ದಾಗ. ಮೇಸ್ತ್ರಿ ಒಂದು ಬಸ್ಸಿನ ಬಾನೆಟ್ಟಿನ ಕಡೆ ಬೆನ್ನು ಮಾಡಿ ನಿಂತಿದ್ದರು. ಪ್ರಾಸಣ್ಣ ಅವರೆದುರು ನಿಂತು ಕೆಲಸದ ಮಾತಿನಂತೆ ತುಂಡು ತುಂಡಾಗಿ ಹೇಳಿದ.

"ಬಾನೆಟ್ ಮೇಲೆ ಬಿಸಿಲು. ಬಿಸಿಲಲ್ಲಿ ಬೆಕ್ಕು. ಮಲಗಿದೆ."

ಮೇಸ್ತ್ರಿ ಸರ್ರನೆ ತಿರುಗಿ ನೋಡಿದರು. ಬೆಕ್ಕನ್ನು ನೋಡಿದರು, ನಕ್ಕರು, ಬಾನೆಟ್ಟಿನ ಕೆಲಸ ಬಿಟ್ಟು ಬೇರೆ ಬಸ್ಸಿಗೆ ಹೋದರು.

ಪ್ರಾಸಣ್ಣ ನಿಂತಲ್ಲೇ ನಿಂತ. ಅವನು ಹೇಳಿದ್ದು ಅವರಿಗೆ ಕಂಡಿತ್ತು! ಒಂದು ಸಾಲಿಗೆ ಒಂದೇ ವಸ್ತು. ಮೊದಲು ಜಾಗ, ಆಮೇಲೆ ಬೆಳಕು, ಆಮೇಲೆ ಜೀವ. ನಡುವೆ ಅವರ ಕಣ್ಣು ಒಂದು ಹೆಜ್ಜೆ ಇಟ್ಟು ಮುಂದಿನದಕ್ಕೆ ಬರುವಷ್ಟು ಬಿಡುವು. ಇಷ್ಟು ವರ್ಷ ಮೇಸ್ತ್ರಿಯ ಜೊತೆ ಕೆಲಸದ ಮಾತು ಆಡಿದ್ದೆಲ್ಲ ಹೀಗೆಯೇ. "ಬಾಗಿಲು ಬಂತು. ಎಡಗಡೆ ಜಜ್ಜಿದೆ. ಅಂಚು ಸರಿ ಇದೆ." ಆಗೆಲ್ಲ ಅವರಿಗೆ ತಿಳಿಯುತ್ತಿತ್ತು. ಪದ್ಯವೆಂದು ಗಂಟಲು ಸರಿಮಾಡಿಕೊಂಡ ಕೂಡಲೇ ತಿಳಿಯುವುದು ನಿಂತುಹೋಗುತ್ತಿತ್ತು. ಹಾಗಾದರೆ ಬಿಸಾಕಬೇಕಾದದ್ದು ಆ ಗಂಟಲನ್ನು.

ಅಂದಿನಿಂದ ಅವನಿಗೆ ಒಂದು ಅಳತೆ ಸಿಕ್ಕಿತು. ಸಾಲು ಹೇಳಿದರೆ ಮೇಸ್ತ್ರಿ ತಿರುಗಿ ನೋಡಬೇಕು. ನೋಡಿದರೆ ಸಾಲು ಗೆದ್ದಿತು, ನೋಡದಿದ್ದರೆ ಚಿಂದಿ. 'ಕಿಟಕಿ ಗಾಜಿನ ಮೇಲೆ ಯಾರದೋ ಬೆರಳ ಗುರುತು' ಗೆದ್ದಿತು. 'ನೆನಪಿನ ಕಿಟಕಿ' ಸೋತಿತು. ಪುಸ್ತಕದ ಮಾತು ಅವರ ಕಣ್ಣಿಗೆ ರೂಢಿಯಿಲ್ಲ ಎಂದೂ ಗೊತ್ತಾಯಿತು. ಮನೆಯಲ್ಲಿ, ಶೆಡ್ಡಿನಲ್ಲಿ ಆಡುವ ಮಾತೇ ಸರಿ. ಸಾಲು ಉದ್ದವಾದರೆ ಅವರ ಕಣ್ಣು ಹಿಂದೆ ಬೀಳುತ್ತಿತ್ತು. ಸುಮ್ಮನೆ ಗಿಡ್ಡ ಮಾಡಿದರೂ ಆಗದು, ಅರ್ಥ ಅಂತರದಲ್ಲಿ ತೂಗಾಡಿ ಅವರು ಹುಬ್ಬು ಗಂಟಿಕ್ಕುತ್ತಿದ್ದರು. ಎಲ್ಲಿ ಕಡಿಯಬೇಕು ಎನ್ನುವುದು ಕೈಗೆ ಹತ್ತುವಷ್ಟರಲ್ಲಿ ಪ್ರಾಸಣ್ಣ ಎಷ್ಟು ಕಾಗದ ಹರಿದನೋ ಅವನಿಗೇ ಗೊತ್ತಿಲ್ಲ.

ಒಂದು ಮಧ್ಯಾಹ್ನ ಎದುರು ಕುಳಿತು, ಬೇರೇನೂ ತೋಚದೆ, "ನಾನು ಬಂದ ಮೊದಲ ದಿನ. ನನ್ನ ಕೈಲಿ ಸುತ್ತಿಗೆ," ಎಂದ.

ಮೇಸ್ತ್ರಿ ಅವನ ಸುತ್ತಿಗೆಯ ಕಡೆ ನೋಡಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು. ನೋಡಿ, ಬೆರಳು ಮಡಚಿ ಬಿಚ್ಚಿ, ಟೀ ಮುಗಿಸಿ ಎದ್ದರು.

ಆಗ ಅವನಿಗೆ ಕಣ್ಣಿಗೆ ಕಟ್ಟಿದಂತೆ ಎಲ್ಲ ಬಂದು ನಿಂತಿತು. ಬಸ್ಸಿನ ತಗಡು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಬಸ್ಸಿನ ಒಳಗೆ ಕುಳಿತು ಡಾಲಿ ಎನ್ನುವ ಕಬ್ಬಿಣದ ಗಟ್ಟಿಯನ್ನು ತಗಡಿಗೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಹೊರಗಿನಿಂದ ಸರಿಯಾಗಿ ಅದರ ಮೇಲೆ ಬೀಳುವಂತೆ ಹೊಡೆಯುತ್ತಾನೆ. ಏಟು ತಪ್ಪಿದರೆ ಒಳಗಿನವನ ಬೆರಳು ಜಜ್ಜುತ್ತದೆ. ಕಲಿಯುವವರು ಬಂದಾಗೆಲ್ಲ ಒಳಗೆ ಕುಳಿತವರು ಮೇಸ್ತ್ರಿ. ಇವನ ಏಟು ತಪ್ಪದ ದಿನವೇ ಇರಲಿಲ್ಲ. ಕಿಟಕಿಯಿಂದ ಅವರ ಬೈಗುಳ ಮಾತ್ರ ಹೊರಗೆ ಬರುತ್ತಿತ್ತು, "ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ? ಇನ್ನೊಂದು ಹೊಡಿ!" ಕೈ ಹಿಂದೆ ಹೋಗುತ್ತಿರಲಿಲ್ಲ. ಇನ್ನು ಸದ್ದು? ಬಸ್ಸಿನ ಒಳಗೆ ಕುಳಿತರೆ ನಗಾರಿಯ ಒಳಗೆ ಕುಳಿತಂತೆ. ಕಲಿಯುವವರ ಅಡ್ಡಾದಿಡ್ಡಿ ಏಟೆಲ್ಲ ನೇರ ತಲೆಗೆ ಬಡಿಯುತ್ತಿತ್ತು. ಮೇಸ್ತ್ರಿಯ ಕಿವಿ ಎಲ್ಲಿ ಹೋಯಿತು ಎಂದು ಶೆಡ್ಡಿನ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ ಅಷ್ಟೇ.

ಅವತ್ತೇ ಪದ್ಯ ಬಂತು. ಗಿಡ್ಡ ಪದ್ಯ. ಪೇಂಟರನಿಗೆ ತೋರಿಸಿದ. ಅವನು ಈ ಸಲ ಗಟ್ಟಿಯಾಗಿ ಓದಲಿಲ್ಲ.

"'ಅಲ್ಲೇ ಇತ್ತು, ಅಲ್ಲೇ ಇತ್ತು' ಅಂತ ಮತ್ತೆ ನಿನ್ನ ಪ್ರಾಸ ಬಂತಲ್ಲ," ಎಂದ ಸುಮ್ಮನಿರಲಾರದೆ.

"ಅದು ಪ್ರಾಸ ಅಲ್ಲ ಕಣೋ. ಕೈ ನಿಜವಾಗ್ಲೂ ಅಲ್ಲೇ ಇತ್ತು."

ಪೇಂಟರ್ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟ. "ಆದ್ರೆ ಈ ಸದ್ದಿನ ವಿಷಯ ತೆಗೆದುಬಿಡು. ಅವರು ಖುಷಿಯಾಗಿ ಹೋಗೋ ದಿನ. ಎಲ್ಲರ ಮುಂದೆ ನಿಮ್ಮ ಕಿವಿ ನಾನೇ ತಿಂದೆ ಅಂತೀಯಾ? ಸಮಾರಂಭ ಹಾಳಾಗತ್ತೆ."

ಪ್ರಾಸಣ್ಣ ಮನೆಗೆ ಹೋಗಿ ಆ ಸಾಲುಗಳನ್ನು ಹೊಡೆದುಹಾಕಿದ. ಪದ್ಯ ಚೆಂದವಾಗಿಯೇ ಇತ್ತು. ಆದರೆ ಕೈಯಾಡಿಸಿದರೆ ಎಲ್ಲೋ ಹಳ್ಳ ಸಿಗುತ್ತಿತ್ತು. ಹೆಂಡತಿಗೆ ಕೇಳಿದ.

"ಹೇಳಿದ್ರೆ ಮೇಸ್ತ್ರಿಗೆ ನೋವಾಗತ್ತೇನೇ?"

"ಅವರ ಕಿವಿ ಹೆಂಗೆ ಹೋಯ್ತು ಅಂತ ಅವರಿಗೆ ಗೊತ್ತಿಲ್ವಾ? ನೀವು ಮುಚ್ಚಿಟ್ರೆ ಅವರಿಗೆ ವಾಪಸ್ ಬಂದುಬಿಡತ್ತಾ?" ಎಂದಳು. "ಹೆದರಿಕೆ ಅವರಿಗಾಗಿ ಅಲ್ಲ, ನಿಮಗಾಗಿ."

ಇಂಥ ಮಾತಿಗೆ ಅವನು ಸಾಮಾನ್ಯವಾಗಿ ಹಾರಾಡುತ್ತಿದ್ದ. ಅವತ್ತು ಹಾರಾಡಲಿಲ್ಲ. ಸಾಲುಗಳನ್ನು ಮತ್ತೆ ಬರೆದ. ಬರೆದು ಕನ್ನಡಿಯ ಮುಂದೆ ಹೋಗಿ ನಿಂತು, ಒಂದು ದೊಡ್ಡ ಉಸಿರು ಬಿಟ್ಟು, ಮೀಸೆ ಬೋಳಿಸಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ನಿಮಗೆ ಮೇಲಿನ ತುಟಿ ಇದೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹತ್ತಿರ ಬಂದು ಗಲ್ಲ ಸವರಿದಳು.

ಬೀಳ್ಕೊಡುಗೆಯ ಸಂಜೆ ಶೆಡ್ಡು ಗುಡಿಸಿ ಕುರ್ಚಿ ಹಾಕಿದ್ದರು. ಪೇಂಟರ್ ಇವನನ್ನು ನೋಡಿ, "ಯಾರ್ರೀ ನೀವು? ಬಸ್ಸು ರಿಪೇರಿಗೆ ಬಂದಿದೆಯಾ?" ಎಂದ. ಮಾಲೀಕ ಮಾತಾಡಿ ಶಾಲು ಹೊದೆಸಿ ಕುಳಿತ. ಮೇಸ್ತ್ರಿ ತಲೆಯಾಡಿಸುತ್ತ ಇದ್ದರು, ಏನೂ ಹಿಡಿಯದಿದ್ದಾಗ ಆಡಿಸುವ ಹಾಗೆ. ಪ್ರಾಸಣ್ಣನ ಸರದಿ ಬಂತು.

ಮೈಕಿನ ಹತ್ತಿರ ಹೋದವನು ಹಿಂದೆ ತಿರುಗಿ ನೋಡಿದ. ಬೆನ್ನ ಹಿಂದೆ ಶೆಡ್ಡಿನ ದೊಡ್ಡ ಬಾಗಿಲು, ಅದರ ತುಂಬ ಸಂಜೆಯ ಬೆಳಕು. ಎದುರಿಗೆ ಕುಳಿತ ಮೇಸ್ತ್ರಿಗೆ ಇವನ ಮುಖ ಬರೀ ಕಪ್ಪು. ಅದರ ಮೇಲೆ ಬಾಯಿಗೆ ಅಡ್ಡಲಾಗಿ ಈ ದರಿದ್ರ ಮೈಕು.

ಅವನು ಮೈಕನ್ನು ಎತ್ತಿ ಪಕ್ಕಕ್ಕಿಟ್ಟ. ಮುಂದೆ ಬಂದು ಮೇಸ್ತ್ರಿಯ ಕುರ್ಚಿಯನ್ನು, ಅವರು ಕುಳಿತಿದ್ದ ಹಾಗೆಯೇ, ಬಾಗಿಲಿಗೆ ಬೆನ್ನಾಗುವಂತೆ ತಿರುಗಿಸಿದ.

"ಏನೋ ಇದು? ಈಗಲೇ ಹೊರಗೆ ಹಾಕ್ತೀಯಾ ನನ್ನ?" ಎಂದರು ಮೇಸ್ತ್ರಿ.

"ಸುಮ್ನೆ ಕೂತ್ಕೊಳ್ಳಿ."

"ಕೇಳಿಸ್ತಿಲ್ಲ, ಜೋರಾಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಮಗಲ್ಲ ಇದು! ಬಾಯಿ ಮುಚ್ಕೊಂಡಿರಿ!" ಎಂದು ಗುಡುಗಿದ. ಬೆಳಕಿಗೆ ಮುಖ ಕೊಟ್ಟು ಮೇಸ್ತ್ರಿಯ ಎದುರು ನಿಂತ. ಕಾಗದ ತೆಗೆಯಲಿಲ್ಲ, ಕಾಗದ ನೋಡಿದರೆ ಬಾಯಿ ಕೆಳಗಾಗುತ್ತದೆ. ಮೇಸ್ತ್ರಿಯ ಕಣ್ಣು ತನ್ನ ತುಟಿಯ ಮೇಲೆ ಕೂರುವವರೆಗೆ ಕಾದು ಶುರುಮಾಡಿದ.

ಬಸ್ಸಿನ ಹೊಟ್ಟೆ ಒಳಗೆ ನೀವು.
ಹೊರಗೆ ನಾನು.
ನಡುವೆ ತಗಡು.

ನೀವು ಡಾಲಿ ಒತ್ತಿ ಹಿಡಿದ್ರಿ
ಎಡಗೈಲಿ.

"ನಿಲ್ಲಿಸು," ಎಂದರು ಮೇಸ್ತ್ರಿ. "ಎಡಗೈ ಅಲ್ಲ. ನಾನು ಯಾವತ್ತು ಎಡಗೈಲಿ ಹಿಡಿದಿದ್ದೆ? ಬಲಗೈ."

ಇಡೀ ಶೆಡ್ಡು ಗೊಳ್ಳೆಂದಿತು. ಪ್ರಾಸಣ್ಣ ನಗಲಿಲ್ಲ. ಅವನ ಕಣ್ಣು ತುಂಬಿಬಂತು. ಇಷ್ಟು ವರ್ಷ ಬರೆದ ಪದ್ಯಗಳಲ್ಲಿ ಮೇಸ್ತ್ರಿ ಒಂದು ತಪ್ಪನ್ನೂ ಹಿಡಿದಿರಲಿಲ್ಲ. ತಪ್ಪು ಹಿಡಿಯಬೇಕಾದರೆ ಕಾಣಬೇಕಲ್ಲ. "ಬಲಗೈಲಿ," ಎಂದು ತಿದ್ದಿ ಮುಂದುವರಿದ.

ನಾನು ಹೊಡೆದೆ.
ತಪ್ಪಿತು.
ಕೈ ಅಲ್ಲೇ ಇತ್ತು.

ಮತ್ತೆ ಹೊಡೆದೆ.
ಮತ್ತೆ ತಪ್ಪಿತು.
ಕೈ ಅಲ್ಲೇ ಇತ್ತು.

ಕೆಲಸ ನನ್ನ ಕಡೆ ಬಂತು.
ಸದ್ದು ನಿಮ್ಮ ಕಡೆ ಹೋಯ್ತು.
ಒಳಗೆ ಕೂತವರ ಕಿವಿ
ಒಳಗೇ ಉಳೀತು.

ಈಗ ನಾನು ಬಾಯಿ ತೆರೆದ್ರೆ
ನೀವು ನೋಡ್ತೀರಿ.
ನೋಡಿ, ಮೇಸ್ತ್ರಿ.
ಈ ಸಲ ನಾನು ತಪ್ಪಬಾರದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ನೆಲ ನೋಡುತ್ತಿದ್ದರು. ಪೇಂಟರ್ ಮೂಗು ಒರೆಸಿಕೊಳ್ಳುವವನಂತೆ ಮುಖ ಆ ಕಡೆ ಮಾಡಿದ.

"ಮುಗೀತಾ?" ಎಂದರು ಮೇಸ್ತ್ರಿ.

"ಮುಗೀತು."

"ಕಿವಿ ಹೋದದ್ದು ನಿಜ. ಇಷ್ಟು ವರ್ಷದಲ್ಲಿ ಯಾರೂ ಅದನ್ನ ನನ್ನ ಮುಖ ನೋಡಿ ಹೇಳಿರಲಿಲ್ಲ." ಅವರು ಹೆಗಲ ಶಾಲು ಸರಿಮಾಡಿಕೊಂಡರು. "ಹೇಳ್ದೆಯಲ್ಲ, ಒಳ್ಳೇದಾಯ್ತು. ಮನಸ್ಸು ಹಗುರ ಆಯ್ತು. ಆದ್ರೆ ಇನ್ನೊಂದು ತಪ್ಪಿದೆ ಅದರಲ್ಲಿ."

"ಎಲ್ಲಿ?"

"ಹೊರಗೆ ನಾನು, ಹೊರಗೆ ನಾನು ಅಂತೀಯಲ್ಲ, ನೀನೊಬ್ಬನೇನಾ ಇದ್ದದ್ದು? ಈ ಪೇಂಟರ್ ಬ್ರಷ್ ಹಿಡಿಯೋ ಮೊದಲು ನನ್ನ ಹತ್ರ ಸುತ್ತಿಗೆ ಹಿಡಿದಿದ್ದ. ನಿನಗಿಂತ ಕೆಟ್ಟದಾಗಿ ಹೊಡೀತಿದ್ದ. ಆ ಮೂಲೆಯವನು, ಅವನ ಪಕ್ಕದವನು, ಎಲ್ಲಾ ಹೊಡೆದಿದ್ದಾರೆ. ನೀನೊಬ್ಬನೇ ಹೊತ್ಕೊಂಡು ಹೋಗೋಕೆ ಅದೇನು ನಿಮ್ಮಪ್ಪನ ಆಸ್ತಿನಾ? 'ನಾನು' ತೆಗಿ, 'ನಾವು' ಹಾಕು."

ತನ್ನ ಪದ್ಯದ ಒಂದಕ್ಷರ ಮುಟ್ಟಿದರೆ ಜಗಳಕ್ಕೆ ನಿಲ್ಲುತ್ತಿದ್ದ ಪ್ರಾಸಣ್ಣ, ಮೇಷ್ಟರ ಮುಂದಿನ ಹುಡುಗನಂತೆ ತಲೆಯಾಡಿಸಿದ. ಎದೆಯ ಮೇಲಿಂದ ಯಾರೋ ಬಸ್ಸು ಹಿಂದಕ್ಕೆ ತೆಗೆದಂತಾಯಿತು.

"ನಿಮ್ಮಿಂದ ಬಹಳ ಉಪಕಾರ ಆಯ್ತು, ಮೇಸ್ತ್ರಿ," ಎಂದ. ಬಾಯಿಂದ ತಾನಾಗಿ ಬಂದುಬಿಟ್ಟಿತು. ಪದ್ಯವಲ್ಲದ ಮಾತು. ಯಾರೂ ಗೇಲಿ ಮಾಡಲಿಲ್ಲ.

"ಕಾಣ್ತು, ಕಾಣ್ತು," ಎಂದರು ಮೇಸ್ತ್ರಿ. "ಈಗ ಮೊದಲಿಂದ ಹೇಳು. ಏ ಪೇಂಟರ್, ಬಾ ಇಲ್ಲಿ, ಅವನ ಪಕ್ಕ ನಿಂತ್ಕೋ. ಬೆಳಕಿಗೆ ಅಡ್ಡ ಬರಬೇಡ."

ಪೇಂಟರ್ ಬಂದ. ಅವನ ಹಿಂದೆ ಮೂಲೆಯವನೂ ಎದ್ದು ಬಂದ. ಪ್ರಾಸಣ್ಣ ಬಾಗಿಲಿನ ಬೆಳಕಿಗೆ ಮುಖ ಎತ್ತಿ, ಮೇಸ್ತ್ರಿಯ ಕಣ್ಣು ಬಂದು ಕೂರುವುದನ್ನು ಕಾದ.

"ಬಸ್ಸಿನ ಹೊಟ್ಟೆ ಒಳಗೆ ನೀವು," ಎಂದ.

"ಹ್ಞೂಂ," ಎಂದರು ಮೇಸ್ತ್ರಿ. "ಹೊರಗೆ?"